ಆ 153 ಮೀನನ್ನ ಯಾಕೆ ಎಣಿಸಿದ್ರು?

ಮೊದಲ ಕ್ರೈಸ್ತ ಸಭೆಗಳಿಗೆ ಅಪೊಸ್ತಲ ಪೌಲ ಬರೆದ ಪತ್ರಗಳನ್ನ ಜನ ತಪ್ಪಾಗಿ ಓದೋಕೆ ಶುರು ಮಾಡಿದ್ದು ಅವನು ಬದುಕಿದ್ದಾಗಲೇ. ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರ ಅಂತ ನಾವು ಕರೀತೀವಲ್ಲ, ಅದರ ಐದನೇ ಅಧ್ಯಾಯ ತೆಗೆದು ನೋಡಿ. ನಾನು ಮುಂಚೆ ಒಂದು ಪತ್ರ ಬರೆದಿದ್ದೆ, ಕೆಟ್ಟ ನಡತೆಯವರ ಸಹವಾಸ ಬೇಡ ಅಂದಿದ್ದೆ, ಆದ್ರೆ ಅದು ಹೊರಗಿನ ಲೋಕದ ಜನರ ಬಗ್ಗೆ ಹೇಳಿದ್ದಲ್ಲ, ಹಂಗೆ ಅಂದ್ಕೊಂಡ್ರೆ ನೀವು ಈ ಲೋಕಾನೇ ಬಿಟ್ಟು ಹೋಗ್ಬೇಕಾಗತ್ತೆ, ನಾನು ಹೇಳಿದ್ದು ನಿಮ್ಮೊಳಗೇ ಸಹೋದರ ಅನ್ನಿಸಿಕೊಂಡು ಹಂಗೆ ಬದುಕೋರ ಬಗ್ಗೆ ಅಂತ ಅವನೇ ಬಿಡಿಸಿ ಹೇಳ್ತಾನೆ. ಅಂದ್ರೆ ನಾವು ಮೊದಲನೇದು ಅಂತ ಕರಿಯೋ ಪತ್ರಕ್ಕಿಂತ ಮೊದಲೇ ಇನ್ನೊಂದು ಇತ್ತು. ಅದು ಕಳೆದುಹೋಗಿದೆ. ಬರೆದಿದ್ದು ಹೋಯ್ತು, ಅದನ್ನ ತಪ್ಪಾಗಿ ಓದಿದ್ದಕ್ಕೆ ಕೊಟ್ಟ ತಿದ್ದುಪಡಿ ಮಾತ್ರ ಉಳೀತು.

ಬರೆದವನು ಬದುಕಿದ್ದ, ಇನ್ನೊಂದು ಪತ್ರ ಕಳಿಸಿ ಹಂಗಲ್ಲ ಹಿಂಗೆ ಅಂತ ಹೇಳೋಕಾಯ್ತು. ಅವನು ಹೋದಮೇಲೆ ಯಾರು ಹೇಳಬೇಕು? ಪೇತ್ರನ ಎರಡನೇ ಪತ್ರದ ಕೊನೆ ಅಧ್ಯಾಯದಲ್ಲೇ ಈ ಚಿಂತೆ ಇದೆ, ಪೌಲನ ಪತ್ರಗಳಲ್ಲಿ ಅರ್ಥ ಮಾಡ್ಕೊಳ್ಳೋಕೆ ಕಷ್ಟವಾದ ಮಾತುಗಳಿವೆ, ತಿಳುವಳಿಕೆ ಇಲ್ಲದವರು ಅವನ್ನ ತಿರುಚ್ತಾರೆ ಅಂತ. ಬೈಬಲ್ಲನ್ನ ಹೆಂಗೆ ಓದಬೇಕು ಅನ್ನೋ ಜಗಳ ಬೈಬಲ್ಲಿನ ಒಳಗೇ ಶುರುವಾಗಿದೆ.

ನಮ್ಮ ಕಾರವಾರದ ವಾಡ್ಯದಲ್ಲಿ, ಅಂದ್ರೆ ನಮ್ಮ ಇಗರ್ಜಿಗೆ (ಚರ್ಚಿಗೆ) ಸೇರಿದ ಕೇರಿಯಲ್ಲಿ, ಸಂಜೆ ತೆರ್ಸ್ ಅನ್ನೋ ಜಪಮಾಲೆ ಪ್ರಾರ್ಥನೆ ಮುಗಿದ್ಮೇಲೆ ಒಂದಷ್ಟು ಜನ ಕೂತು ಬೈಬಲ್ ಓದ್ತೀವಿ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆ, ಹಾಗಾಗಿ ಕೈಲಿರೋ ಪುಸ್ತಕ ಒಬ್ಬೊಬ್ಬರದ್ದು ಒಂದೊಂದು ಭಾಷೇದು. ಮಳೆಗಾಲದಲ್ಲಿ ಜನ ಜಾಸ್ತಿ, ಜೂನ್ 1ರಿಂದ ಜುಲೈ 31ರ ತನಕ ಬೋಟ್ ಬಂದ್ ಇರೋದ್ರಿಂದ ಬೈತಖೋಲ್ ಬಂದರಿನಿಂದ ಹೋಗೋ ಗಂಡಸರೂ ಬಂದು ಕೂರ್ತಾರೆ. ಅಲ್ಲಿ ಯಾವಾಗಲೂ ಏಳೋ ವಾದ ಒಂದೇ. ಕಾಲೇಜು ಓದಿದ ಹುಡುಗರು ಬರೆದವನ ಮನಸಲ್ಲಿ ಏನಿತ್ತೋ ಅದೊಂದೇ ಅರ್ಥ, ಉಳಿದದ್ದೆಲ್ಲಾ ನಾವು ಸೇರಿಸಿದ್ದು ಅಂತಾರೆ. ವಯಸ್ಸಾದವರು, ಅದರಲ್ಲೂ ಹೆಂಗಸರು, ಇವತ್ತು ಓದುವಾಗ ದೇವರು ನನ್ನ ಮನಸಿಗೆ ಏನು ಹೇಳಿದನೋ ಅದೇ ಅರ್ಥ ಅಂತಾರೆ. ನಂಗೆ ಎರಡೂ ಸಾಕಾಗಲ್ಲ, ಯಾಕೆ ಅನ್ನೋದನ್ನ ಸ್ವಲ್ಪ ವಿವರವಾಗಿ ಬರೀಬೇಕು ಅನ್ನಿಸ್ತು.

ಮೊದಲು ಈ 'ಬರೆದವನು' ಯಾರು ಅಂತ ನೋಡೋಣ, ಯಾಕಂದ್ರೆ ನಾವು ಅಂದ್ಕೊಂಡ ಹಾಗೆ ಒಬ್ಬ ಮನುಷ್ಯ ಒಂಟಿಯಾಗಿ ಕೂತು ಬರೆದಿದ್ದು ಅಂತ ಹೇಳೋದು ಕಷ್ಟ. ರೋಮಿನವರಿಗೆ ಬರೆದ ಪತ್ರದ ಕೊನೇಲಿ ತೆರ್ತಿಯ ಅನ್ನೋನು ಮಧ್ಯೆ ಬಂದು, ಈ ಪತ್ರವನ್ನ ಬರೆದ ನಾನೂ ನಿಮಗೆ ವಂದಿಸ್ತೇನೆ ಅಂತಾನೆ, ಪೌಲ ಹೇಳಿದ್ದು, ಕೈ ತೆರ್ತಿಯಂದು. ಅದನ್ನ ರೋಮಿಗೆ ಒಯ್ದವಳು ಕೊರಿಂಥದ ಬಂದರೂರು ಕೆಂಕ್ರೆಯದ ಫೊಯಿಬೆ ಇರಬೇಕು ಅನ್ನೋದು ಬಹಳ ವಿದ್ವಾಂಸರ ಅಭಿಪ್ರಾಯ, ಪೌಲ ಅವಳನ್ನ ಚೆನ್ನಾಗಿ ನೋಡ್ಕೊಳ್ಳಿ ಅಂತ ಅದೇ ಅಧ್ಯಾಯದ ಶುರುವಲ್ಲಿ ಹೇಳ್ತಾನೆ. ಆ ಕಾಲದಲ್ಲಿ ಪತ್ರವನ್ನ ಒಬ್ಬರು ಗಟ್ಟಿಯಾಗಿ ಓದೋದು, ಉಳಿದವರು ಕೇಳೋದು. ಎಲ್ಲಿ ಧ್ವನಿ ಏರಬೇಕು, ಎಲ್ಲಿ ತಡೀಬೇಕು, ಯಾರಾದ್ರೂ ಇದೇನು ಅಂತ ಕೇಳಿದ್ರೆ ಏನು ಹೇಳಬೇಕು ಅನ್ನೋದೆಲ್ಲ ಓದುವವರ ಮೇಲೇ ಬೀಳ್ತಿತ್ತು.

ಯೇಸುವಿನ ಬದುಕಿನ ಕಥೆ ಹೇಳೋ ಸುವಾರ್ತೆಗಳದ್ದು (ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಅನ್ನೋ ನಾಲ್ಕು ಪುಸ್ತಕಗಳದ್ದು) ಇನ್ನೂ ಸ್ವಾರಸ್ಯ. ಲೂಕ ತನ್ನ ಪುಸ್ತಕದ ಮೊದಲ ನಾಲ್ಕು ಸಾಲಲ್ಲೇ ಹೇಳಿಬಿಡ್ತಾನೆ, ನನಗಿಂತ ಮುಂಚೆ ಬಹಳ ಜನ ಇದನ್ನ ಬರೆಯೋ ಪ್ರಯತ್ನ ಮಾಡಿದಾರೆ, ನಾನೂ ಎಲ್ಲಾನೂ ಮೊದಲಿಂದ ವಿಚಾರಿಸಿ ಕ್ರಮವಾಗಿ ಬರೀತಿದೀನಿ ಅಂತ. ಮತ್ತಾಯ, ಲೂಕ ಇಬ್ಬರೂ ಮಾರ್ಕನ ಸುವಾರ್ತೆಯನ್ನ ಮುಂದಿಟ್ಟುಕೊಂಡೇ ಬರೆದ್ರು ಅಂತ ಬಹುಪಾಲು ವಿದ್ವಾಂಸರು ಒಪ್ತಾರೆ. ಹಂಗಾದ್ರೆ ಮತ್ತಾಯ ಲೇಖಕ ಆಗೋದಕ್ಕೆ ಮುಂಚೆ ಮಾರ್ಕನ ಓದುಗ.

ಅವನು ಹೆಂಗೆ ಓದಿದ ಅನ್ನೋದು ಗೊತ್ತಾಗಬೇಕು ಅಂದ್ರೆ ಬಿರುಗಾಳಿಯ ಕಥೆ ನೋಡಿ. ಮಾರ್ಕನಲ್ಲಿ ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬು ಇಟ್ಕೊಂಡು ಮಲಗಿದಾನೆ, ನೀರು ಒಳಗೆ ನುಗ್ತಾ ಇದೆ, ಶಿಷ್ಯರು ಎಬ್ಬಿಸಿ ಕೇಳೋದು, ಗುರುವೇ, ನಾವು ಸಾಯ್ತಾ ಇದೀವಿ, ನಿಮಗೇನೂ ಅನ್ಸಲ್ವಾ ಅಂತ. ಮತ್ತಾಯನಲ್ಲಿ ಅದೇ ಜಾಗದಲ್ಲಿ ಶಿಷ್ಯರು ಪ್ರಭುವೇ ಕಾಪಾಡು, ಸಾಯ್ತಾ ಇದೀವಿ ಅಂತಾರೆ. ಜಗಳ ಹೋಗಿ ಪ್ರಾರ್ಥನೆ ಆಯ್ತು, ತಲೆದಿಂಬೂ ಹೋಯ್ತು. ಮತ್ತಾಯ ಸುಳ್ಳು ಬರೆದ ಅಂತ ನಾನು ಹೇಳ್ತಾ ಇಲ್ಲ. ಅವನು ತನ್ನ ಸಭೆಯವರಿಗೆ ದೇವರನ್ನ ಹೆಂಗೆ ಕರೀಬೇಕು ಅಂತ ಕಲಿಸ್ತಾ ಇದ್ದ, ಆ ಕೆಲಸಕ್ಕೆ ಬೇಕಾದ ಹಾಗೆ ಕಥೆ ಹೇಳಿದ.

ನಮ್ಮಲ್ಲಿ ಇದನ್ನ ಎರಡೂ ಕಡೆಯಿಂದ ಓದಿದಾಗ ಪಕ್ಕದ ಮನೆ ಮೌಶಿ ನಂಗೆ ಮಾರ್ಕಂದೇ ಸರಿ ಅಂದ್ರು. ಅವರ ಯಜಮಾನರು ಮೊದಲಿಂದ ಬೋಟಿಗೆ ಹೋಗೋರು, ಈಗ ಮಗ ಹೋಗ್ತಾನೆ. ಗಾಳಿ ಎದ್ದ ರಾತ್ರಿ ದೇವರ ಹತ್ರ ನಯವಾಗಿ ಮಾತಾಡೋಕೆ ಬರಲ್ಲ, ನಿಂಗೇನೂ ಅನ್ಸಲ್ವಾ ಅಂತಾನೇ ಬಾಯಿಗೆ ಬರೋದು ಅಂದ್ರು. ಆಮೇಲೆ ಬೆರಳಿಟ್ಟು ತೋರಿಸಿ ಕೇಳಿದ್ರು: ಇಲ್ಲಿ ಬೇರೆ ದೋಣಿಗಳೂ ಜೊತೆಗಿದ್ವು ಅಂತ ಬರೆದಿದೆ, ಅವು ಏನಾದ್ವು? ನಾಲ್ಕನೇ ಅಧ್ಯಾಯದ 36ನೇ ವಚನ. ಮತ್ತಾಯ ಆ ದೋಣಿಗಳನ್ನ ಬಿಟ್ಟ, ಲೂಕನೂ ಬಿಟ್ಟ, ಮಾರ್ಕನೇ ಮುಂದೆ ಅವುಗಳ ಸುದ್ದಿ ಎತ್ತಲ್ಲ. ನಾನು ಆ ಅಧ್ಯಾಯವನ್ನ ಚಿಕ್ಕಂದಿನಿಂದ ಕೇಳಿದೀನಿ, ಇಗರ್ಜಿಯಲ್ಲಿ ನಿಂತು ಓದಿಯೂ ಇದೀನಿ, ಆದ್ರೆ ಒಂದು ದೋಣಿ ತಿರುಗಿ ಬಂದ್ರೆ ಉಳಿದ ದೋಣಿಗಳ ಲೆಕ್ಕ ಕೇಳೋದು ದಡದಲ್ಲಿ ಕಾದವರಿಗೇ ಹೊಳೀಬೇಕು. ಮೌಶಿ ಏನನ್ನೂ ಹೊಸದಾಗಿ ಸೇರಿಸಿಲ್ಲ. ಮಾರ್ಕ ಬರೆದಿದ್ದನ್ನ ಅವನ ಮೊದಲ ಓದುಗರಿಗಿಂತ ಜಾಸ್ತಿ ಗಮನ ಕೊಟ್ಟು ಓದಿದ್ರು, ಅಷ್ಟೇ.

ಓದುವವರಿಗೋಸ್ಕರ ಕಥೆಯ ಹೇಳೋ ರೀತಿಯನ್ನೇ ಬದಲಿಸಿದ್ದು ನಮ್ಮ ಮಗ್ಗುಲಲ್ಲೇ ನಡೆದಿದೆ. ಕಾಳಿ ನದಿ ದಾಟಿ ಗೋವಾದ ಸಾಸಷ್ಟಿಗೆ ಹೋದ್ರೆ, ಅಲ್ಲಿದ್ದ ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಜೆಸ್ವಿತ್ ಪಾದ್ರಿ ಬೈಬಲ್ ಕಥೆಯನ್ನೆಲ್ಲಾ ಓವಿ ಅನ್ನೋ ಮರಾಠಿ ಹಾಡಿನ ಛಂದಸ್ಸಿನಲ್ಲಿ ಕಟ್ಟಿದ, 1616ರಲ್ಲಿ ಅದು ರಾಯತೂರಿನಲ್ಲಿ ಅಚ್ಚಾಯ್ತು, ಕ್ರಿಸ್ತಪುರಾಣ ಅಂತಾನೇ ಪ್ರಸಿದ್ಧಿ. ಪುರಾಣ ಕೇಳಿ ಬೆಳೆದ ಜನ ಕ್ರೈಸ್ತರಾದ್ಮೇಲೆ ನಮಗೆ ಹಾಡಿ ಕೇಳೋಕೆ ಏನಿದೆ ಅಂತ ಕೇಳಿದ್ದಕ್ಕೆ ಉತ್ತರ ಅದು.

ಇನ್ನು ಮೀನಿನ ವಿಷಯ. ಯೊವಾನ್ನನ 21ನೇ ಅಧ್ಯಾಯದಲ್ಲಿ ಏಳು ಜನ ಶಿಷ್ಯರು ರಾತ್ರಿಯೆಲ್ಲಾ ಬಲೆ ಬೀಸಿ ಏನೂ ಸಿಗದೆ ಬರ್ತಾರೆ, ದಡದಲ್ಲಿ ನಿಂತ ಒಬ್ಬ ದೋಣಿಯ ಬಲಕ್ಕೆ ಹಾಕಿ ಅಂತಾನೆ, ಹಾಕ್ತಾರೆ, ಬಲೆ ಎಳೆಯೋಕೇ ಆಗಲ್ಲ, ದಡಕ್ಕೆ ತಂದಾಗ 153 ದೊಡ್ಡ ಮೀನು. ಆ ಸಂಖ್ಯೆ ಮೇಲೆ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದಾರೆ. ಸುಮಾರು 400ರ ಕಾಲದ ಬಿಷಪ್ ಸಂತ ಆಗಸ್ಟಿನ್ ಹತ್ತು ಆಜ್ಞೆ, ಪವಿತ್ರಾತ್ಮನ ಏಳು ವರ, ಸೇರಿದ್ರೆ 17, ಒಂದರಿಂದ 17ರ ತನಕ ಎಲ್ಲಾ ಸಂಖ್ಯೆ ಕೂಡಿಸಿದ್ರೆ 153 ಅಂದ. ಲೆಕ್ಕ ಸರಿ ಇದೆ, ಕೂಡಿಸಿ ನೋಡಿ. ಅದೇ ಕಾಲದ ಪಂಡಿತ ಸಂತ ಜೆರೋಮ್ ಮೀನಿನ ಜಾತಿಗಳೇ 153, ಹಾಗಾಗಿ ಎಲ್ಲಾ ಜಾತಿಯ ಮನುಷ್ಯರೂ ಬಲೆಯೊಳಗೆ ಬರ್ತಾರೆ ಅಂತ ಅರ್ಥ ಅಂದ.

ರಂಪಣಿ ಅನ್ನೋ ದೊಡ್ಡ ದಡದ ಬಲೆ ಎಳೆದು ಕೈ ಗಟ್ಟಿಯಾದ ನಮ್ಮ ಮಾಮ ಒಬ್ಬರು ಇದನ್ನೆಲ್ಲಾ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಬೇರೆ. ಬಂಗಡೆ, ತಾರ್ಲೆಯಂಥ ಸಣ್ಣ ಮೀನಾದ್ರೆ ಬುಟ್ಟಿ ಲೆಕ್ಕ, ಯಾರು ಒಂದೊಂದೇ ಎಣಿಸ್ತಾರೆ? ಇಸ್ವಾಣದಂಥ ದೊಡ್ಡ ಮೀನಾದ್ರೆ ಎಣಿಸಲೇಬೇಕು, ಯಾಕಂದ್ರೆ ಪಾಲು ಹಂಚಬೇಕಲ್ಲ. ದೋಣಿಯವರಿಗೆ ಎಷ್ಟು, ಬಲೆಯವರಿಗೆ ಎಷ್ಟು, ಎಳೆದವರಿಗೆ ಎಷ್ಟು. ಅಲ್ಲಿ ದೊಡ್ಡ ಮೀನು ಅಂತ ಬರೆದಿದೆ, ಹಾಗಾಗಿ ಎಣಿಸಿದಾರೆ. ಇನ್ನೊಂದೂ ಹೇಳಿದ್ರು, ದೋಣಿಯೊಳಗೆ ಇದ್ದವನಿಗೆ ಮೀನಿನ ಗುಂಪು ಕಾಣದೇ ಇರಬಹುದು, ದಡದ ಮೇಲೆ ನಿಂತು ನೀರಿನ ಬಣ್ಣ ನೋಡೋನಿಗೆ ಕಾಣತ್ತೆ, ರಂಪಣಿ ಹಾಕುವಾಗ ದಡದಿಂದ ಕೂಗಿ ಹೇಳೋರು ಇರ್ತಾರೆ, ಆ ಶಿಷ್ಯರು ಗುರುತು ಸಿಗದ ಮನುಷ್ಯನ ಮಾತು ಕೇಳಿ ಬಲೆ ಹಾಕಿದ್ದು ಅದಕ್ಕೇ ಅಂತ.

ಆಗಸ್ಟಿನ್ ಇದ್ದ ಹಿಪ್ಪೋ ಕೂಡ ಉತ್ತರ ಆಫ್ರಿಕಾದ ಒಂದು ಬಂದರು ಊರೇ, ಅವನೂ ಮೀನು ಹಂಚೋದು ನೋಡಿರಬೇಕು. ಆದ್ರೆ ಅವನು ಸಂಖ್ಯೆಯೊಳಗೆ ಆಜ್ಞೆಯನ್ನ, ವರವನ್ನ ಹುಡುಕಿದ, ನಮ್ಮ ಮಾಮ ಪಾಲನ್ನ ಹುಡುಕಿದ್ರು. ಯೊವಾನ್ನನ ಮನಸಲ್ಲಿ ಏನಿತ್ತು? ಸಂಖ್ಯೆ ಬಗ್ಗೆ ಅವನು ಏನೂ ಬಿಟ್ಟುಕೊಟ್ಟಿಲ್ಲ. ಆದ್ರೆ ಅದೇ ಅಧ್ಯಾಯದಲ್ಲಿ ಇನ್ನೊಂದು ವಿಷಯ ಅವನು ಬೇಕು ಅಂತಾನೇ ಇಟ್ಟಿದಾನೆ ಅಂತ ನಾನು ಗಟ್ಟಿಯಾಗಿ ಹೇಳಬಲ್ಲೆ. ದಡದಲ್ಲಿ ಯೇಸು ಇದ್ದಿಲು ಬೆಂಕಿ ಹಾಕಿ ಮೀನು ಸುಡ್ತಾ ಇರ್ತಾನೆ. ಇದ್ದಿಲು ಬೆಂಕಿ ಈ ಸುವಾರ್ತೆಯಲ್ಲಿ ಇನ್ನೊಂದೇ ಕಡೆ ಬರತ್ತೆ, 18ನೇ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ, ಪೇತ್ರ ಚಳಿ ಕಾಯಿಸಿಕೊಳ್ತಾ ನಾನು ಯೇಸುವಿನ ಶಿಷ್ಯ ಅಲ್ಲ ಅಂದ ಜಾಗ. ಅಲ್ಲಿ ಮೂರು ಸಲ ಇಲ್ಲ ಅಂದವನಿಗೆ ಇಲ್ಲಿ ಮೂರು ಸಲ ನನ್ನನ್ನ ಪ್ರೀತಿಸ್ತೀಯಾ ಅಂತ ಪ್ರಶ್ನೆ. ಲೇಖಕನ ಕೈ ಎದ್ದು ಕಾಣೋ ಜಾಗ ಇದು, ಇದನ್ನ ನೋಡದೆ ಮುಂದೆ ಹೋದ್ರೆ ಅವನ ಶ್ರಮಕ್ಕೆ ಅನ್ಯಾಯ. ಹಾಗಾಗಿ ಬರೆದವನ ಮನಸ್ಸು ಗೊತ್ತೇ ಆಗಲ್ಲ ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ಕೆಲವು ಕಡೆ ಚೆನ್ನಾಗಿಯೇ ಗೊತ್ತಾಗತ್ತೆ, ಪುಸ್ತಕ ಪೂರ್ತಿ ಓದಬೇಕು ಅಷ್ಟೇ. 1965ರಲ್ಲಿ ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ದೇವರ ವಾಕ್ಯದ ಬಗ್ಗೆ ಹೊರಡಿಸಿದ ದಾಖಲೆಯಲ್ಲೂ ಇದೇ ಇದೆ, ಬರೆದ ಮನುಷ್ಯರು ನಿಜವಾದ ಲೇಖಕರು, ಅವರು ಏನು ಹೇಳೋಕೆ ಹೊರಟ್ರು, ಯಾವ ಬಗೆಯ ಬರವಣಿಗೆಯಲ್ಲಿ ಹೇಳಿದ್ರು ಅಂತ ನೋಡ್ಬೇಕು ಅಂತ.

ಮತ್ತೆ ತಪ್ಪು ಓದಿಗೂ ಸರಿ ಓದಿಗೂ ಗೆರೆ ಎಲ್ಲಿ ಎಳೆಯೋದು? ಇಲ್ಲಿ ಆಗಸ್ಟಿನ್ ಹೇಳಿದ್ದು ನಂಗೆ ಬಹಳ ಹಿಡಿಸಿದೆ. 396ರ ಸುಮಾರಿಗೆ ಅವನು ಗ್ರಂಥ ಹೆಂಗೆ ಓದಬೇಕು ಅಂತ ಒಂದು ಪುಸ್ತಕ ಬರೆಯೋಕೆ ಶುರು ಮಾಡ್ತಾನೆ. ದೇವರ ಮೇಲೆ, ನೆರೆಯವರ ಮೇಲೆ ಪ್ರೀತಿ ಬೆಳೆಸದ ಓದು ಗ್ರಂಥ ಅರ್ಥವಾಗಿರೋ ಓದೇ ಅಲ್ಲ ಅಂತಾನೆ. ಪ್ರೀತಿ ಬೆಳೆಸೋ ಹಾಗೆ ಓದಿದ, ಆದ್ರೆ ಲೇಖಕ ಹೇಳಿದ್ದು ಅದಲ್ಲ, ಹಂಗಾದ್ರೆ? ದಾರಿ ಬಿಟ್ಟು ಗದ್ದೆ ಅಡ್ಡ ಹಾಯ್ದು ಅದೇ ಊರು ಮುಟ್ಟಿದವನ ಹಾಗೆ ಅವನು, ದೊಡ್ಡ ಅಪಾಯ ಇಲ್ಲ, ಆದ್ರೂ ಅವನಿಗೆ ದಾರಿ ತೋರಿಸಬೇಕು, ಇಲ್ಲಾಂದ್ರೆ ದಾರಿ ಬಿಡೋದೇ ಅಭ್ಯಾಸ ಆಗಿ ಒಂದಿನ ಬೇರೆಲ್ಲೋ ಹೋಗಿಬಿಡ್ತಾನೆ. ಓದುಗನಿಗೆ ಇಷ್ಟು ಸಲಿಗೆ ಕೊಟ್ಟು ಲೇಖಕನ ಹಕ್ಕನ್ನೂ ಬಿಡದೆ ಹೇಳಿದ ಮಾತು ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಬೇರೆಲ್ಲೋ ಹೋಗಿದ್ದಕ್ಕೆ ಚರಿತ್ರೆಯಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ಗುಲಾಮರಿಗೆ ಅಂತಾನೇ ಒಂದು ಬೈಬಲ್ ಅಚ್ಚು ಹಾಕಿದ್ರು, ಆಯ್ದ ಭಾಗಗಳು ಅಂತ. ಇಸ್ರಾಯೇಲರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾಗಿ ಹೊರಟ ಕಥೆಯನ್ನ ಅದರಿಂದ ತೆಗೆದಿದ್ರು. ದಾಸರೇ ನಿಮ್ಮ ಯಜಮಾನರಿಗೆ ವಿಧೇಯರಾಗಿ ಅನ್ನೋದನ್ನ ಉಳಿಸಿಕೊಂಡಿದ್ರು. ಒಂದಕ್ಷರ ತಿದ್ದದೆ, ಬರೀ ಯಾವುದು ಇರಬೇಕು ಯಾವುದು ಬೇಡ ಅನ್ನೋದರಲ್ಲೇ ಇಡೀ ಗ್ರಂಥದ ಅರ್ಥ ತಲೆಕೆಳಗಾಯ್ತು. ಇದಕ್ಕೆ ಉತ್ತರ ಅನ್ನೋ ಹಾಗೆ ಅಮೆರಿಕದ ಕಪ್ಪು ಜನಾಂಗದ ಪಾದ್ರಿ ಹೊವರ್ಡ್ ಥರ್ಮನ್ 1949ರಲ್ಲಿ ತನ್ನ ಅಜ್ಜಿಯ ಬಗ್ಗೆ ಬರೀತಾರೆ. ಆಕೆ ಗುಲಾಮಗಿರಿಯಲ್ಲಿ ಹುಟ್ಟಿ ಬೆಳೆದವಳು, ಓದೋಕೆ ಬರ್ತಿರಲಿಲ್ಲ, ಮೊಮ್ಮಗನ ಕೈಲಿ ಬೈಬಲ್ ಓದಿಸ್ತಿದ್ಲು, ಆದ್ರೆ ಪೌಲನ ಪತ್ರಗಳನ್ನ ಮುಟ್ಟೋಕೆ ಬಿಡ್ತಿರಲಿಲ್ಲ, ಕೊರಿಂಥದವರಿಗೆ ಬರೆದ ಪ್ರೀತಿಯ ಅಧ್ಯಾಯ ಒಂದು ಬಿಟ್ಟು. ಯಜಮಾನನ ಪಾದ್ರಿ ಯಾವಾಗಲೂ ಪೌಲನಿಂದಲೇ ದಾಸರೇ ವಿಧೇಯರಾಗಿ ಅಂತ ಓದ್ತಿದ್ದನಂತೆ, ನಂಗೆ ಬಿಡುಗಡೆ ಸಿಕ್ಕಿ ಓದು ಬಂದ್ರೂ ಆ ಭಾಗ ಓದಲ್ಲ ಅಂತ ಆಕೆ ಆಗಲೇ ಮಾತು ಕೊಟ್ಕೊಂಡಿದ್ಲು.

ನಮ್ಮ ಜಿಲ್ಲೆಯಲ್ಲಿ ಇದನ್ನ ದೂರದ ಕಥೆ ಅಂತ ಓದೋಕಾಗಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಇರೋ ಸಿದ್ದಿಗಳ ಪೂರ್ವಿಕರಲ್ಲಿ ಎಷ್ಟೋ ಜನರನ್ನ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದು, ತಂದವರಲ್ಲಿ ಕ್ರೈಸ್ತರಾದ ಪೋರ್ಚುಗೀಸರೂ ಇದ್ರು. ಇವತ್ತು ಸಿದ್ದಿಗಳಲ್ಲಿ ಹಿಂದೂಗಳಿದಾರೆ, ಮುಸ್ಲಿಮರಿದಾರೆ, ಕ್ರೈಸ್ತರೂ ಇದಾರೆ. ಹಳಿಯಾಳದ ಕಡೆ ಒಂದು ತರಬೇತಿಯಲ್ಲಿ ಪೌಲ ಫಿಲೆಮೋನನಿಗೆ ಬರೆದ ಪತ್ರ ಓದ್ತಾ ಇದ್ವಿ, ಓಡಿಬಂದ ದಾಸ ಒನೇಸಿಮನನ್ನ ಯಜಮಾನನ ಹತ್ರ ತಿರುಗಿ ಕಳಿಸ್ತಾ, ಇವನನ್ನ ಇನ್ನು ದಾಸನಾಗಿ ಅಲ್ಲ, ಪ್ರಿಯ ಸಹೋದರನಾಗಿ ಸೇರಿಸ್ಕೋ ಅನ್ನೋ ಪತ್ರ. ನಾವೆಲ್ಲ ಪೌಲನ ಔದಾರ್ಯವನ್ನ ಹೊಗಳ್ತಾ ಇದ್ವಿ. ಸಿದ್ದಿ ಸಮುದಾಯದ ಒಬ್ಬ ಯುವತಿ ಇಷ್ಟೇ ಕೇಳಿದ್ಲು, 25 ವಚನ ಇದೆ, ಎಲ್ಲಾ ಅವನ ಬಗ್ಗೇನೇ, ಅವನ ಒಂದೇ ಒಂದು ಮಾತು ಇದರಲ್ಲಿ ಯಾಕಿಲ್ಲ? ಹೋಗೋಕೆ ಅವನಿಗೆ ಮನಸ್ಸಿತ್ತಾ ಅಂತ ಯಾರಾದ್ರೂ ಕೇಳಿದ್ರಾ?

ಪತ್ರದಲ್ಲಿ ಇದಕ್ಕೆ ಉತ್ತರ ಇಲ್ಲ. ಆದ್ರೆ ಆ ಪ್ರಶ್ನೆ ಬಂದ್ಮೇಲೆ ಆ ಪತ್ರವನ್ನ ಮೊದಲಿನ ಹಾಗೆ ಸುಲಭವಾಗಿ ಓದೋಕೆ ನಮ್ಮಲ್ಲಿ ಯಾರಿಗೂ ಆಗಲಿಲ್ಲ, ಅದು ಒಳ್ಳೇದೇ ಆಯ್ತು. ಓದುಗರಿಗೆ ಹಕ್ಕಿದೆ ಅಂತ ನಾನು ಹೇಳೋದು ಇದಕ್ಕೇ. ಒಂದು ಮಾತಿನ ಪೆಟ್ಟು ಯಾರ ಬೆನ್ನಿಗೆ ಬೀಳತ್ತೋ ಅವರನ್ನ ಪಕ್ಕದಲ್ಲಿ ಕೂರಿಸಿಕೊಳ್ಳದೆ ಅದರ ಅರ್ಥ ಇಷ್ಟೇ ಅಂತ ತೀರ್ಮಾನ ಮಾಡಬಾರದು. ಲಂಡನ್ನಿನಲ್ಲಿ ಆ ಆಯ್ಕೆ ಮಾಡಿದವರೂ ಓದುಗರೇ, ಥರ್ಮನ್ನರ ಅಜ್ಜಿಯೂ ಓದುಗಳೇ, ಇಬ್ಬರೂ ಕೆಲವನ್ನ ಬಿಟ್ರು, ಕೆಲವನ್ನ ಇಟ್ಕೊಂಡ್ರು. ಎರಡೂ ಒಂದೇ ಅಂತ ಹೇಳೋ ಧೈರ್ಯ ಯಾರಿಗಿದೆ? ಒಬ್ಬರು ಬೇರೆಯವರ ಬೇಡಿ ಬಿಗಿ ಮಾಡೋಕೆ ಬಿಟ್ರು, ಆಕೆ ತನ್ನ ಬೇಡಿ ಕಳಚೋಕೆ ಬಿಟ್ಲು.

ಕೊನೇದಾಗಿ ಇನ್ನೊಂದು ಜಾಗ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳು ಅಂತ ಒಬ್ಬ ಹೆಂಗಸನ್ನ ಎಳ್ಕೊಂಡು ಬರ್ತಾರೆ, ಪಾಪ ಮಾಡದವನು ಮೊದಲ ಕಲ್ಲು ಎಸೀಲಿ ಅಂತ ಯೇಸು ಹೇಳೋ ಕಥೆ, ಯೊವಾನ್ನ ಎಂಟನೇ ಅಧ್ಯಾಯ. ಕ್ರೈಸ್ತರಲ್ಲದವರಿಗೂ ಗೊತ್ತಿರೋ ಕಥೆ. ಆದ್ರೆ ನಾಲ್ಕನೇ ಶತಮಾನದ ದೊಡ್ಡ ಹಸ್ತಪ್ರತಿಗಳಾದ ಸಿನಾಯ್ತಿಕಸ್, ವ್ಯಾಟಿಕಾನಸ್ ಎರಡರಲ್ಲೂ ಅದು ಇಲ್ಲ, ಇನ್ನೂ ಹಳೇ ಪಪೈರಸ್‌ಗಳಲ್ಲೂ ಇಲ್ಲ, ಕೆಲವು ಪ್ರತಿಗಳಲ್ಲಂತೂ ಲೂಕನ ಸುವಾರ್ತೆಯೊಳಗೆ ಇದೆ. ಯೊವಾನ್ನ ಬರೆದಿದ್ದಲ್ಲ ಅಂತಾನೇ ಹೆಚ್ಚಿನ ವಿದ್ವಾಂಸರ ತೀರ್ಮಾನ. ಆಗಸ್ಟಿನ್‌ಗೆ ತನ್ನ ಕಾಲದಲ್ಲೇ ಈ ತಕರಾರು ಗೊತ್ತಿತ್ತು, ಹೆಂಡತಿಯರಿಗೆ ಸಲಿಗೆ ಸಿಕ್ಕಿಬಿಡತ್ತೆ ಅಂತ ಹೆದರಿದ ಗಂಡಸರು ಅದನ್ನ ಕಿತ್ತುಹಾಕಿರಬೇಕು ಅಂತ ಅವನ ಊಹೆ. ಊಹೆ ಸರಿಯೋ ತಪ್ಪೋ, ಓದುವವರ ಭಯ ಗ್ರಂಥದ ಸಾಲನ್ನೇ ಅಳಿಸಬಲ್ಲದು ಅಂತ ಅವನಿಗೆ ಅನ್ನಿಸಿತ್ತು. ಕೊನೆಗೆ ಕ್ರೈಸ್ತ ಸಭೆ ಅದನ್ನ ಬಿಡಲಿಲ್ಲ, ಇವತ್ತಿಗೂ ಮೂರು ವರ್ಷಕ್ಕೊಮ್ಮೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಐದನೇ ಭಾನುವಾರ ಇಗರ್ಜಿಯಲ್ಲಿ ಓದ್ತಾರೆ. ಯಾರು ಬರೆದ್ರು ಅಂತ ಗೊತ್ತಿಲ್ಲದಿದ್ದರೂ ಇದು ನಮ್ಮ ಪ್ರಭುವಿನ ಕಥೆಯೇ ಅಂತ ಗುರುತು ಹಿಡಿದು ಉಳಿಸಿದ್ದು ಓದಿದವರು, ಕೇಳಿದವರು, ಕೈಯಿಂದ ನಕಲು ಮಾಡಿದವರು.

ಫಾದರ್ ಇದನ್ನ ನಮ್ಮ ವಾಡ್ಯದಲ್ಲಿ ವಿವರಿಸಿ ಹೇಳಿದಾಗ ಒಂದಿಬ್ಬರಿಗೆ ಬೇಜಾರಾಯ್ತು. ಹಂಗಾದ್ರೆ ಇದು ಸುಳ್ಳಾ ಅಂತ. ಯೇಸು ನೆಲದ ಮೇಲೆ ಏನು ಬರೆದ ಅನ್ನೋ ಚರ್ಚೆ ಸ್ವಲ್ಪ ಹೊತ್ತು ನಡೀತು. ಮೌಶಿ ಅದರಲ್ಲಿ ಸೇರಲಿಲ್ಲ, ಹೆಂಗಸೊಬ್ಬಳನ್ನೇ ಯಾಕೆ ತಂದ್ರು, ಸಿಕ್ಕಿಬಿದ್ದಿದ್ದು ಅಂದ್ಮೇಲೆ ಗಂಡಸೂ ಅಲ್ಲೇ ಇದ್ನಲ್ಲ ಅಂದ್ರು. ಇದು ಇವತ್ತಿನ ಹೆಂಗಸರ ಪ್ರಶ್ನೆ, ಕಥೆಯೊಳಗೆ ಇಲ್ಲದ್ದು ಅಂತ ಒಬ್ಬ ಹುಡುಗ ತಡೆದ. ಫಾದರ್ ಏನೂ ಹೇಳದೆ ಲೇವಿಯರ ಪುಸ್ತಕದ 20ನೇ ಅಧ್ಯಾಯ, ಹತ್ತನೇ ವಚನ ತೆಗೆದು ಅವನ ಕೈಗೇ ಕೊಟ್ಟು ಗಟ್ಟಿಯಾಗಿ ಓದು ಅಂದ್ರು. ಆ ಗಂಡಸಿಗೂ ಆ ಹೆಂಗಸಿಗೂ, ಇಬ್ಬರಿಗೂ ಶಿಕ್ಷೆ ಅಂತ ಇದೆ ಅಲ್ಲಿ. ಮೋಶೆಯ ನಿಯಮ ಹೇಳತ್ತೆ ಅಂತ ಅವಳನ್ನ ಎಳ್ಕೊಂಡು ಬಂದವರು ಆ ನಿಯಮದ ಅರ್ಧ ಭಾಗ ಮಾತ್ರ ಓದ್ಕೊಂಡು ಬಂದಿದ್ರು.